ಅಕ್ಕಿ ಕೊಳ್ಳದ ಕೃಷಿ ಸಚಿವ

ಜಪಾನಿನ ಟಾಕು ಎಟೋ ಅಂದರೆ ಈಗ ಎಲ್ಲರಿಗೂ ನೆನಪಾಗುವುದು ಒಂದೇ ಮಾತು. 2025ರ ಮೇ ತಿಂಗಳಲ್ಲಿ ಸಾಗಾ ನಗರದಲ್ಲಿ ನಡೆದ ತಮ್ಮ ಪಕ್ಷದ ಸಭೆಯಲ್ಲಿ, ದೇಶದ ಕೃಷಿ ಸಚಿವರಾಗಿದ್ದುಕೊಂಡೇ, ನಾನು ಅಕ್ಕಿ ಕೊಂಡಿದ್ದೇ ಇಲ್ಲ, ಬೆಂಬಲಿಗರು ಮಾರುವಷ್ಟು ತಂದುಕೊಡ್ತಾರೆ ಅಂದುಬಿಟ್ಟರು. ಆಗ ಅಲ್ಲಿ 5 ಕೆಜಿ ಅಕ್ಕಿಯ ಬೆಲೆ 4,200 ಯೆನ್ ದಾಟಿತ್ತು, ಅಂದರೆ ಹಿಂದಿನ ವರ್ಷದ ಎರಡು ಪಟ್ಟು. ಮೂರೇ ದಿನಕ್ಕೆ ಕುರ್ಚಿ ಹೋಯಿತು. (ಇವರ ಅಪ್ಪ ಟಾಕಾಮಿ ಎಟೋ ಕೂಡ 1995ರಲ್ಲಿ ಕೊರಿಯಾ ಬಗ್ಗೆ ಏನೋ ಮಾತಾಡಿಯೇ ಸಚಿವ ಸ್ಥಾನ ಕಳೆದುಕೊಂಡವರು. ನಾಲಿಗೆ ವಂಶಪಾರಂಪರ್ಯ ಇರಬೇಕು!)

ಹೋಗಬೇಕಾದದ್ದೇ ಬಿಡಿ. ಆದರೆ ಅವರಿಗೆ ಕೃಷಿ ಗೊತ್ತಿಲ್ಲ ಅಂತ ಆಡಿಕೊಂಡವರ ಮಾತು ನಾನು ಒಪ್ಪಲ್ಲ. 2003ರಲ್ಲಿ ಮೊದಲ ಸಲ ಸಂಸತ್ತಿಗೆ ಗೆದ್ದಿದ್ದು ದನ, ಹಂದಿ, ಕೋಳಿ ಸಾಕುವ ಮಿಯಾಝಾಕಿ ಪ್ರಾಂತ್ಯದಿಂದ. 2010ರಲ್ಲಿ ಅಲ್ಲಿ ಕಾಲುಬಾಯಿ ರೋಗ ಬಂದು ಸುಮಾರು 2.9 ಲಕ್ಷ ದನ, ಹಂದಿಗಳನ್ನು ಕೊಲ್ಲಬೇಕಾಯಿತು. ರೋಗ ಹರಡುವುದು ನಿಧಾನವಾಗಲಿ ಅಂತ ಚೆನ್ನಾಗಿದ್ದ ಪ್ರಾಣಿಗಳಿಗೂ ಲಸಿಕೆ ಹಾಕಿದರು, ಆಮೇಲೆ ಅವನ್ನೂ ಕೊಂದರು. ಜಾಸ್ತಿ ಹೊಡೆತ ಬಿದ್ದದ್ದು ಇವರದೇ ಕ್ಷೇತ್ರದ ಕಾವಾಮಿನಾಮಿ ಸುತ್ತಮುತ್ತ. 2019ರಲ್ಲಿ ಮೊದಲ ಸಲ ಕೃಷಿ ಸಚಿವರಾದಾಗ, ರಫ್ತಿಗೆ ತೊಂದರೆ ಅಂತ ಸರ್ಕಾರ ಮುಂದೂಡುತ್ತಾ ಬಂದಿದ್ದ ಹಂದಿ ಜ್ವರದ ಲಸಿಕೆಗೆ ಒಪ್ಪಿಗೆ ಕೊಟ್ಟದ್ದೂ ಇವರೇ.

ನನ್ನ ತಕರಾರು ಬೇರೆ. ಇಂಥ ರಾಜಕಾರಣಿಗೆ ಬೆಳೆಯುವವರು ಕಾಣುತ್ತಾರೆ, ಕೊಳ್ಳುವವರು ಕಾಣುವುದಿಲ್ಲ. ಆ ಮಾತು ಕೇಳಿ ಹೆಂಡತಿಯೇ ಬೈದರಂತೆ, ಮನೆಯಲ್ಲಿ ಅಕ್ಕಿ ಮುಗಿದಾಗ ನಾನೇ ಕೊಂಡು ತರೋದು ಅಂತ. ಇದು ಒಬ್ಬರ ಕಥೆಯಲ್ಲ. ಬೆಲೆ ಬೀಳಬಾರದು ಅಂತ 1970ರ ಸುಮಾರಿನಿಂದಲೇ ಭತ್ತ ಕಡಿಮೆ ಬೆಳೆಯಿರಿ ಎಂದು ದುಡ್ಡು ಕೊಟ್ಟುಕೊಂಡು ಬಂದ ಸರ್ಕಾರ ಅದು. 2018ಕ್ಕೆ ಕಾಗದದ ಮೇಲೇನೋ ನಿಂತಿತು, ಆದರೆ ಅದೇ ಗದ್ದೆಯಲ್ಲಿ ಮೇವಿನ ಭತ್ತ, ಗೋಧಿ, ಸೋಯಾ ಬೆಳೆದರೆ ಸಹಾಯಧನ ಬರುತ್ತಲೇ ಇತ್ತು. ಹೀಗಿರುವಾಗ 2023ರ ಬಿಸಿಲಿಗೆ ಬೆಳೆ ಸೊರಗಿದ್ದೇ ತಡ, ಮರುವರ್ಷ ಅಂಗಡಿಗಳಲ್ಲಿ ಅಕ್ಕಿಯೇ ಇಲ್ಲ. ಎಟೋ ಸರ್ಕಾರದ ದಾಸ್ತಾನು ಅಕ್ಕಿಯನ್ನು ಹರಾಜಿಗಿಟ್ಟರು, ಬಹುಪಾಲು ರೈತರ ಸಹಕಾರಿ ಒಕ್ಕೂಟದ ಪಾಲಾಯಿತು, ಅಲ್ಲಿಂದ ಅಂಗಡಿಗೆ ಬರುವಷ್ಟರಲ್ಲಿ ಜನರ ತಾಳ್ಮೆ ಕೆಟ್ಟಿತ್ತು.

ಅವರ ಜಾಗಕ್ಕೆ ಬಂದ ಶಿಂಜಿರೋ ಕೊಯಿಜುಮಿ ಹರಾಜು ಬಿಟ್ಟು ನೇರವಾಗಿ ಅಂಗಡಿಗಳಿಗೇ ಮಾರಿದರು. 5 ಕೆಜಿಗೆ 2,000 ಯೆನ್ ಆಸುಪಾಸು. ಜನ ಸಾಲುಗಟ್ಟಿ ನಿಂತರು. ಚುರುಕು ಮನುಷ್ಯ, ಒಪ್ಪೋಣ. ಆದರೆ ಅದು ಗೋದಾಮಿನ ಹಳೆ ಅಕ್ಕಿ, ಅಲ್ವಾ? ಬೇಸಾಯವನ್ನೇ ಕಸುಬು ಮಾಡಿಕೊಂಡವರ ಸರಾಸರಿ ವಯಸ್ಸು 67 ದಾಟಿರುವ ದೇಶದಲ್ಲಿ ಹೊಸ ಅಕ್ಕಿಯನ್ನು ಆ ದರಕ್ಕೆ ಬೆಳೆದುಕೊಡೋರು ಯಾರು ಅಂತ ಕೇಳಿದರೆ, ಇವರ ಹತ್ತಿರವೂ ಉತ್ತರ ಇದ್ದಂತೆ ನನಗೆ ಕಾಣಲಿಲ್ಲ.