ಒಂದೇ ಹಗ್ಗ ಕಟ್ಟಿಕೊಂಡರೆ ಹಗೆ ಹೋಗುತ್ತಾ?

ಹಗೆ ಸಾಧಿಸುವ ಎರಡು ಕಡೆಯವರನ್ನು ಬೆಟ್ಟಕ್ಕೋ ಸಮುದ್ರಕ್ಕೋ ಒಟ್ಟಿಗೆ ಕಳಿಸಿದರೆ ಶಾಂತಿ ಹುಟ್ಟುತ್ತಾ? ಹುಟ್ಟುತ್ತೆ ಅಂತ ದುಡ್ಡು ಹಾಕುವವರಿದ್ದಾರೆ. ಸುಮ್ನೆ ಪ್ರವಾಸ ಅಂತ ನಗುವವರೂ ಇದ್ದಾರೆ. ಎರಡೂ ಕಡೆಯ ವಕಾಲತ್ತು ಇಲ್ಲಿ ನನ್ನದೇ.

ಪರ: ಮಾತಿಗಿಂತ ಹಗ್ಗ ವಾಸಿ

2004ರ ಜನವರಿ 1ರಂದು ಚಿಲಿಯ ದಕ್ಷಿಣ ತುದಿಯಿಂದ ಒಂದು ಹಾಯಿದೋಣಿ ಅಂಟಾರ್ಕ್ಟಿಕಾ ಕಡೆ ಹೊರಟಿತು. ಅದರಲ್ಲಿ ನಾಲ್ವರು ಇಸ್ರೇಲಿಗಳು, ನಾಲ್ವರು ಪ್ಯಾಲೆಸ್ಟೀನಿಯರು. ಆಗ ಅವರ ಊರುಗಳಲ್ಲಿ ಎರಡನೇ ಇಂತಿಫಾದಾ, ಅಂದರೆ ಇಸ್ರೇಲ್ ವಿರುದ್ಧ ಪ್ಯಾಲೆಸ್ಟೀನಿಯರ ದಂಗೆ, ನಡೆಯುತ್ತಿತ್ತು. ಒಂದು ಕಡೆ ಬಸ್ಸಿನಲ್ಲಿ ಬಾಂಬು, ಇನ್ನೊಂದು ಕಡೆ ಬೀದಿಯಲ್ಲಿ ಟ್ಯಾಂಕು. ದೋಣಿಯಲ್ಲಿದ್ದವರೂ ಸಾಧುಸಂತರೇನಲ್ಲ. ಸುಲೈಮಾನ್ ಖತೀಬ್ 14ನೇ ವಯಸ್ಸಿಗೇ ಇಸ್ರೇಲಿ ಸೈನಿಕರಿಗೆ ಚಾಕು ಹಾಕಿದ ಕೇಸಿನಲ್ಲಿ ಹತ್ತು ವರ್ಷಕ್ಕೂ ಜಾಸ್ತಿ ಜೈಲಿನಲ್ಲಿದ್ದು ಬಂದವರು. ಇಸ್ರೇಲಿಗಳ ಪೈಕಿ ಡೊರೊನ್ ಎರೆಲ್ ಅನ್ನುವವರು 1992ರಲ್ಲಿ ಎವರೆಸ್ಟ್ ಹತ್ತಿದವರು, ಆ ದೇಶದಿಂದ ಮೊದಲಿಗರು.

ಎರೆಲ್ ಅವರಿಗೆ ಬೆಟ್ಟ ಗೊತ್ತಿತ್ತು. ಉಳಿದವರಲ್ಲಿ ಹೆಚ್ಚಿನವರಿಗೆ ಹಿಮನದಿಯ ಮೇಲೆ ನಡೆದು ಅಭ್ಯಾಸ ಇರಲಿಲ್ಲ. ಅಲ್ಲಿ ನಡೆಯುವುದು ಹೇಗೆ ಗೊತ್ತಾ? ಒಬ್ಬರ ಹಿಂದೆ ಒಬ್ಬರು, ನಡುವೆ ಕೆಲವು ಮೀಟರ್ ಬಿಟ್ಟು, ಎಲ್ಲರೂ ಒಂದೇ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಾರೆ. ಮೇಲೆ ಬೆಳ್ಳಗೆ ಸಪಾಟಾಗಿ ಕಾಣುವ ಹಿಮದ ಅಡಿಯಲ್ಲಿ ಎಲ್ಲಿ ಬಿರುಕು ಬಾಯಿ ತೆರೆದಿದೆಯೋ ತಿಳಿಯುವುದಿಲ್ಲ. ಮುಂದಿನವನು ಕುಸಿದರೆ ಹಿಂದಿನವನು ಆ ಕ್ಷಣವೇ ನೆಲಕ್ಕೆ ಬಿದ್ದು ಐಸ್ ಕೊಡಲಿಯನ್ನು ಊರಬೇಕು, ತಡಮಾಡಿದರೆ ಅವನೂ ಒಳಗೆ. ಹಗ್ಗ ಜೋಲುವಂತಿಲ್ಲ, ಜಗ್ಗುವಂತೆಯೂ ಇಲ್ಲ, ಹಾಗಾಗಿ ಬೆಳಗಿಂದ ಸಂಜೆವರೆಗೆ ಕಣ್ಣು ಮುಂದಿನವನ ಹೆಜ್ಜೆಯ ಮೇಲೇ ಇರಬೇಕು. ಯಾವ ಶಾಂತಿ ಸಭೆಯಲ್ಲಿ ಎದುರು ಕೂತವನನ್ನು ಇಷ್ಟು ಹೊತ್ತು ನೋಡುತ್ತಾರೆ ಹೇಳಿ? ಅಲ್ಲಿ ಎಲ್ಲರೂ ತಮ್ಮ ಸರದಿ ಯಾವಾಗ ಬರುತ್ತೆ ಅಂತ ಕಾಯುತ್ತಿರುತ್ತಾರೆ, ಅಷ್ಟೇ.

ಜಗಳ ಆಗಲಿಲ್ಲ ಅಂತಲ್ಲ, ಚೆನ್ನಾಗಿಯೇ ಆಯಿತು. ಆದರೂ ಜನವರಿ 16ರಂದು ಎಂಟೂ ಜನ ಅಲ್ಲಿನ ಹೆಸರಿಲ್ಲದ ಒಂದು ಬೆಟ್ಟದ ತುದಿ ಮುಟ್ಟಿ, ಅದಕ್ಕೆ ಇಸ್ರೇಲಿ-ಪ್ಯಾಲೆಸ್ಟೀನಿ ಗೆಳೆತನದ ಹೆಸರಿಟ್ಟರು.

ಒಟ್ಟಿಗೆ ಕೂರಿಸಿದರೆ ಸಾಲದು, ಒಟ್ಟಿಗೆ ಮಾಡಲೇಬೇಕಾದ ಕೆಲಸ ಬೇಕು. ಇದು 1954ರಲ್ಲೇ ಕಂಡ ವಿಷಯ. ಮುಜಾಫರ್ ಶರೀಫ್ ಎಂಬ ಮನಶ್ಶಾಸ್ತ್ರಜ್ಞ ಅಮೆರಿಕದ ಓಕ್ಲಹೋಮಾದಲ್ಲಿ 22 ಹುಡುಗರನ್ನು ಶಿಬಿರಕ್ಕೆ ಕರೆದೊಯ್ದು ಎರಡು ಗುಂಪು ಮಾಡಿ ಪಂದ್ಯ ಕಟ್ಟಿದರು. ಕೆಲವೇ ದಿನಕ್ಕೆ ಹುಡುಗರು ಒಬ್ಬರ ಬಾವುಟ ಒಬ್ಬರು ಸುಡುವ ಮಟ್ಟಕ್ಕೆ ಬಂದರು. ಒಟ್ಟಿಗೆ ಊಟಕ್ಕೆ ಕೂರಿಸಿದರೆ ತಟ್ಟೆಯಲ್ಲಿದ್ದ ಊಟವೇ ಆಯುಧ. ಕೊನೆಗೆ ಊಟ ತರುವ ಲಾರಿ ಕೆಟ್ಟು ನಿಂತಿದೆ ಅಂತ ನಾಟಕ ಆಡಿದರು. ಹುಡುಗರು ಹಗ್ಗ ಹುಡುಕಿ ತಂದರು. ಯಾವ ಹಗ್ಗ? ಎರಡು ಗುಂಪೂ ಹಗ್ಗಜಗ್ಗಾಟ ಆಡಿದ್ದ ಅದೇ ಹಗ್ಗ! ಈ ಸಲ ಎಲ್ಲರೂ ಒಂದೇ ಕಡೆ ನಿಂತು ಎಳೆದರು.

ದೂರ ಯಾಕೆ, ನಮ್ಮ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಬೇರೆ ಬೇರೆ ಜಾತಿಯ ಹುಡುಗರನ್ನು ಸೇರಿಸಿ ಕ್ರಿಕೆಟ್ ಆಡಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಒಂದೇ ತಂಡದಲ್ಲಿ ಆಡಿದವರಲ್ಲಿ ಜಾತಿ ದಾಟಿದ ಗೆಳೆತನ ಹೆಚ್ಚಿತು. ಎದುರಾಳಿಗಳಾಗಿ ಮಾತ್ರ ಸಿಕ್ಕವರಲ್ಲಿ ಆ ಲಾಭ ಕಾಣಲಿಲ್ಲ.

ಇನ್ನು ಖತೀಬ್? 2006ರಲ್ಲಿ ಶುರುವಾದ ‘ಕಂಬ್ಯಾಟೆಂಟ್ಸ್ ಫಾರ್ ಪೀಸ್’ ಸಂಘಟನೆಯ ಸ್ಥಾಪಕರಲ್ಲಿ ಅವರೂ ಒಬ್ಬರು. ಬಂದೂಕು ಹಿಡಿದಿದ್ದ ಇಸ್ರೇಲಿಗಳೂ ಪ್ಯಾಲೆಸ್ಟೀನಿಯರೂ ಅಲ್ಲಿ ಒಟ್ಟಿಗೆ ಕೆಲಸ ಮಾಡುತ್ತಾರೆ. ಅದಕ್ಕೆಲ್ಲ ಆ ಬೆಟ್ಟವೇ ಕಾರಣ ಅಂದರೆ ಅತಿಯಾಯಿತು, ಅದು ನನಗೂ ಗೊತ್ತು.

ವಿರೋಧ: ಬೆಟ್ಟ ಇಳಿಯಲೇಬೇಕಲ್ವಾ

ಮೊದಲು ಆ ಲಾರಿ ಕಥೆ ಮುಗಿಸೋಣ. ಓಕ್ಲಹೋಮಾದ ಹುಡುಗರೆಲ್ಲ ಒಂದೇ ಬಣ್ಣ, ಒಂದೇ ಧರ್ಮ, ಒಂದೇ ಥರದ ಮನೆಯವರು. ಅವರ ದ್ವೇಷಕ್ಕೆ ಒಂದು ವಾರ ವಯಸ್ಸು, ಅದೂ ದೊಡ್ಡವರು ಬೇಕಂತ ಹಚ್ಚಿದ್ದು. ಯಾರ ಜಮೀನೂ ಹೋಗಿರಲಿಲ್ಲ, ಯಾರ ಅಣ್ಣನೂ ಸತ್ತಿರಲಿಲ್ಲ. ಅಂಥ ಜಗಳವನ್ನು ಹಗ್ಗದಿಂದ ಎಳೆದು ತೆಗೆಯಬಹುದು ಬಿಡಿ.

ನಿಜವಾದ ಜಗಳ ನೋಡಬೇಕಾದರೆ ಇರಾಕಿಗೆ ಬನ್ನಿ. ಐಸಿಸ್ ಉಗ್ರರ ಹಾವಳಿಯಲ್ಲಿ ಊರು ಬಿಟ್ಟಿದ್ದ ಕ್ರೈಸ್ತರ ಫುಟ್‌ಬಾಲ್ ತಂಡಗಳಿಗೆ ಮುಸ್ಲಿಂ ಆಟಗಾರರನ್ನು ಸೇರಿಸಿದ ಪ್ರಯೋಗದ ವರದಿ 2020ರಲ್ಲಿ ಬಂತು. ಮೈದಾನದಲ್ಲಿ ಎಲ್ಲ ಚಂದ. ಮುಂದಿನ ಸೀಸನ್‌ಗೂ ಮಿಶ್ರ ತಂಡವೇ ಇರಲಿ ಅಂದರು. ಆದರೆ ಮುಸ್ಲಿಮರು ಹೆಚ್ಚಿರುವ ಮೋಸುಲ್‌ಗೆ ಹೋಗಿ ಹೋಟೆಲಲ್ಲಿ ಊಟ ಮಾಡುವುದು, ಗುರುತಿಲ್ಲದ ಮುಸ್ಲಿಮರಿರುವ ಕಾರ್ಯಕ್ರಮಕ್ಕೆ ಹೋಗುವುದು, ಇವುಗಳಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಅಂದರೆ ನಮ್ಮ ತಂಡದ ಅಹ್ಮದ್ ಒಳ್ಳೆಯವನು, ಉಳಿದವರ ಮಾತು ಬೇರೆ. ಇದು ನಮಗೇನು ಹೊಸದಲ್ಲ. ‘ಅವರ ಪೈಕಿ ನೀವು ಹಾಗಲ್ಲ ಬಿಡಿ’ ಅನ್ನುವ ಮಾತನ್ನು ನಾವು ಹೊಗಳಿಕೆ ಅಂತಲೇ ಆಡುತ್ತೇವೆ.

ಅದಕ್ಕಿಂತ ನನಗೆ ಕಿರಿಕಿರಿ ಆಗುವುದು ಇನ್ನೊಂದು. ಹಗ್ಗದ ಮೇಲೆ ಇಬ್ಬರೂ ಸಮ, ಇಳಿದ ಮೇಲೆ ಒಬ್ಬನ ಹತ್ತಿರ ಪಾಸ್‌ಪೋರ್ಟ್, ಇನ್ನೊಬ್ಬ ಚೆಕ್‌ಪೋಸ್ಟಿನ ಸಾಲಿನಲ್ಲಿ. ಬಲ ಇಲ್ಲದವನಿಗೆ ಈ ಸ್ನೇಹದಿಂದ ಏನಾಗುತ್ತೆ? 2009ರ ಒಂದು ಸಂಶೋಧನೆ ಹೇಳುವುದು ಇದನ್ನೇ: ಎರಡು ಗುಂಪಿನವರು ಬರೀ ಸಮಾನ ವಿಷಯಗಳನ್ನೇ ಮಾತಾಡಿಕೊಂಡಾಗ ದುರ್ಬಲ ಗುಂಪು ‘ಇವರು ನಮಗೆ ನ್ಯಾಯ ಮಾಡುತ್ತಾರೆ’ ಅಂತ ನಂಬಿತು, ಬಲವಿದ್ದ ಗುಂಪು ತನ್ನ ಕೈಲಿದ್ದದ್ದನ್ನು ಹಂಚುವಾಗ ಹಾಗೆ ಮಾಡಲಿಲ್ಲ. ಸಿಟ್ಟು ಇಳಿಯಿತು, ಪಾಲು ಮಾತ್ರ ಹಾಗೇ ಉಳಿಯಿತು.

ಅಮೆರಿಕದ ಮೇನ್ ರಾಜ್ಯದಲ್ಲಿ ಕೆರೆ ದಂಡೆಯ ಮೇಲೆ ‘ಸೀಡ್ಸ್ ಆಫ್ ಪೀಸ್’ ಶಿಬಿರ 1993ರಲ್ಲಿ ಶುರುವಾಯಿತು. ಅಲ್ಲಿ ಅರಬ್, ಯೆಹೂದಿ ಮಕ್ಕಳು ಒಟ್ಟಿಗೆ ಈಜಿದರು, ಆಡಿದರು, ಶಿಬಿರದ ಹಸಿರು ಟಿ-ಶರ್ಟ್ ಹಾಕಿಕೊಂಡರು. 2000ದ ಅಕ್ಟೋಬರ್‌ನಲ್ಲಿ ಇಸ್ರೇಲಿ ಪೊಲೀಸರ ಗುಂಡಿಗೆ ಸತ್ತ 17 ವರ್ಷದ ಅರಬ್ ಹುಡುಗನೊಬ್ಬನ ಮೈಮೇಲೆ ಅದೇ ಟಿ-ಶರ್ಟ್ ಇತ್ತು. ಅವನು ಶಿಬಿರದಲ್ಲಿ ಎಷ್ಟು ಗೆಳೆಯರನ್ನು ಮಾಡಿಕೊಂಡಿದ್ದನೋ, ಬಂದೂಕು ಹಿಡಿದವರಿಗೆ ಅದೇನು ಗೊತ್ತು?

ಅಂಟಾರ್ಕ್ಟಿಕಾ ಯಾತ್ರೆ ಏರ್ಪಡಿಸಿದವರು 2006ರಲ್ಲಿ ಜೆರುಸಲೇಮಿನಿಂದ ಸಹಾರಾ ದಾಟಿ ಟ್ರಿಪೋಲಿವರೆಗೆ ಇನ್ನೊಂದು ಯಾತ್ರೆ ಹೊರಡಿಸಿದರು. ಇಸ್ರೇಲಿಗಳನ್ನು ಒಳಗೆ ಬಿಡಲು ಲಿಬಿಯಾ ಒಪ್ಪಲಿಲ್ಲ. ಮರುಭೂಮಿ ದಾಟಬಹುದು, ಗಡಿ ದಾಟಲು ಸರ್ಕಾರ ಬೇಕು.

ಆ ಗೆಳೆತನದ ಬೆಟ್ಟದ ವಿಷಯಕ್ಕೇ ಬರೋಣ. ಅದು ಇರುವ ಅಂಟಾರ್ಕ್ಟಿಕ್ ಪರ್ಯಾಯ ದ್ವೀಪವನ್ನು ಬ್ರಿಟನ್, ಚಿಲಿ, ಅರ್ಜೆಂಟೀನಾ ಮೂರೂ ತಮ್ಮದು ಅನ್ನುತ್ತವೆ. ಆದರೂ ಎಂಟು ಜನ ಯಾರ ಗುಂಡಿನ ಭಯವೂ ಇಲ್ಲದೆ ಅದನ್ನು ಹತ್ತಿದರು, ಯಾಕೆಂದರೆ 1959ರಲ್ಲಿ 12 ದೇಶಗಳು ಒಪ್ಪಂದಕ್ಕೆ ಸಹಿ ಹಾಕಿ, ಆ ಜಗಳವನ್ನು ಇದ್ದಲ್ಲೇ ನಿಲ್ಲಿಸಿ, ಅಲ್ಲಿ ಸೈನಿಕ ಚಟುವಟಿಕೆ ಕೂಡದು ಅಂತ ಬರೆದಿಟ್ಟಿವೆ. ಸಹಿ ಹಾಕಿದವರು ವಾಷಿಂಗ್ಟನ್ನಿನ ಒಂದು ಕೋಣೆಯಲ್ಲಿ ಕುರ್ಚಿ ಮೇಲೆ ಕೂತಿದ್ದರು. ಯಾರ ಸೊಂಟದಲ್ಲೂ ಹಗ್ಗ ಇರಲಿಲ್ಲ.