ಸತ್ಯಾಂಶ: ವಿದೇಶದಲ್ಲಿ ಕಾರ್ಡ್ ಬಳಸುವಾಗ ನಮ್ಮ ಕರೆನ್ಸಿ ಆರಿಸಿದರೆ ದುಡ್ಡು ಉಳಿಯುತ್ತದೆಯೇ?

“ವಿದೇಶದಲ್ಲಿ ಕಾರ್ಡ್ ಮಷಿನ್ ಕೇಳಿದರೆ ನಿಮ್ಮ ದೇಶದ ಕರೆನ್ಸಿಯನ್ನೇ ಒತ್ತಿ, ಕನ್ವರ್ಷನ್ ಚಾರ್ಜ್ ಬೀಳಲ್ಲ” ಎಂಬ ಮೆಸೇಜ್ ಪ್ರವಾಸಕ್ಕೆ ಹೊರಟವರ ಮೊಬೈಲ್‌ಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಹಾಗೆ ಒತ್ತಿದರೆ ಸಾಮಾನ್ಯವಾಗಿ ಜಾಸ್ತಿ ದುಡ್ಡೇ ಹೋಗುತ್ತದೆ.

ಪ್ಯಾರಿಸ್‌ನಲ್ಲಿ 100 ಯುರೋ ಬಿಲ್ ಆಯಿತು ಅಂದುಕೊಳ್ಳಿ. ಪರದೆಯ ಮೇಲೆ ಎರಡು ಮೊತ್ತ ಬರುತ್ತವೆ. ಒಂದು ಯುರೋದಲ್ಲಿ, ಇನ್ನೊಂದು ನಿಮ್ಮ ಕರೆನ್ಸಿಯಲ್ಲಿ. ಪರಿಚಯದ ಕರೆನ್ಸಿ ಕಂಡರೆ ಧೈರ್ಯ ಬರುವುದು ಸಹಜ ಅಲ್ವಾ? ಆದರೆ ಅಲ್ಲಿನ ದರ ನಿಮ್ಮ ಬ್ಯಾಂಕಿನದಲ್ಲ. ಅಂಗಡಿಯವರ ಪರವಾಗಿ ಮಷಿನ್ ನಡೆಸುವ ಕಂಪನಿಯದು, ಅವರ ಲಾಭವೂ ಅದರಲ್ಲೇ ಸೇರಿರುತ್ತದೆ. ಇದನ್ನು ಡೈನಾಮಿಕ್ ಕರೆನ್ಸಿ ಕನ್ವರ್ಷನ್ ಎನ್ನುತ್ತಾರೆ. ಯುರೋ ಒತ್ತಿದರೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ದರದಲ್ಲಿ ಲೆಕ್ಕವಾಗುತ್ತದೆ. ಬ್ಯಾಂಕಿನ ಶುಲ್ಕವಿದ್ದರೆ ಅದೂ ಸೇರುತ್ತದೆ, ನಿಜ. ಆದರೆ ಅಂಗಡಿ ವಿದೇಶದ್ದು ಎಂಬ ಕಾರಣಕ್ಕೆ ಕೆಲವು ಬ್ಯಾಂಕ್‌ಗಳು ನಿಮ್ಮ ಕರೆನ್ಸಿ ಆರಿಸಿದರೂ ಆ ಶುಲ್ಕ ಹಾಕುತ್ತವೆ. ಆಗ ಎರಡು ಕಡೆಯೂ ನಷ್ಟ.

ಯುರೋಪಿಯನ್ ಯೂನಿಯನ್‌ನಲ್ಲಿ ಮಷಿನ್ ಕಂಪನಿಯ ದರದಲ್ಲಿ ಸೇರಿರುವ ಹೆಚ್ಚುವರಿ ಎಷ್ಟು ಶೇಕಡಾ ಎಂದು ತೋರಿಸಬೇಕೆಂಬ ನಿಯಮ 2020ರಿಂದ ಇದೆ. ಒತ್ತುವ ಮೊದಲು ಓದಿ.

ಎಟಿಎಂನಲ್ಲೂ ಇದೇ ಪ್ರಶ್ನೆ ಬರುತ್ತದೆ. ‘ಡಿಕ್ಲೈನ್ ಕನ್ವರ್ಷನ್’ ಒತ್ತಲು ಹೆದರಬೇಡಿ. ಬೇಡ ಎಂದದ್ದು ಅವರ ದರವನ್ನು ಮಾತ್ರ, ನಗದು ಬಂದೇ ಬರುತ್ತದೆ. ಅಂಗಡಿಯವರೇ ನಿಮ್ಮನ್ನು ಕೇಳದೆ ಒತ್ತಿಬಿಟ್ಟರೆ, ಕೌಂಟರ್ ಬಿಡುವ ಮೊದಲೇ ರಸೀದಿ ತೋರಿಸಿ, ರದ್ದು ಮಾಡಿಸಿ, ಸ್ಥಳೀಯ ಕರೆನ್ಸಿಯಲ್ಲಿ ಮತ್ತೆ ಮಾಡಲು ಹೇಳಿ.