ಗಾಂಜಾ ಹಳೆಯದಾದಷ್ಟೂ ಪವರ್ ಜಾಸ್ತಿಯಾ?

ಹಳೇ ಗಾಂಜಾಗೆ ಪವರ್ ಜಾಸ್ತಿ ಅನ್ನೋ ಮೆಸೇಜ್ ಮತ್ತೆ ಮತ್ತೆ ಸುತ್ತುತ್ತಿರುತ್ತದೆ. ವೈನ್ ಹಳೆಯದಾದಷ್ಟೂ ಒಳ್ಳೆಯದು ಅಂತ ಕೇಳಿದವರಿಗೆ ಇದೂ ನಿಜ ಅನ್ನಿಸುವುದು ಸಹಜವೇ. ಆದರೆ ತಪ್ಪು.

ಅಮಲು ತರುವ ಅಂಶ ಟಿಎಚ್‌ಸಿ. ಬೆಳಕು, ಬಿಸಿ, ಗಾಳಿ ತಾಗಿದಂತೆಲ್ಲ ಅದು ನಿಧಾನವಾಗಿ ಸಿಬಿಎನ್ ಎಂಬ ಇನ್ನೊಂದು ಅಂಶವಾಗಿ ಬದಲಾಗುತ್ತದೆ. ಸಿಬಿಎನ್‌ಗೆ ಅಷ್ಟು ಬಲವಿಲ್ಲ. ಕಿಟಕಿ ಪಕ್ಕ ತಿಂಗಳುಗಟ್ಟಲೆ ಇಟ್ಟ ಗಾಂಜಾ ಹೂವನ್ನು ಬೆರಳಲ್ಲಿ ಉಜ್ಜಿದರೆ ಪುಡಿಪುಡಿ, ಘಾಟೂ ಹೋಗಿರುತ್ತದೆ. ಕಾನೂನು ಒಪ್ಪಿರುವ ಕಡೆ ಔಷಧಿಯಾಗಿ ಬಳಸುವವರು ಅದನ್ನು ಗಾಳಿಯಾಡದ ಗಾಜಿನ ಡಬ್ಬಿಯಲ್ಲಿ, ಕತ್ತಲೆಯ ತಂಪು ಜಾಗದಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡುತ್ತಾರೆ. ತೇವ ಉಳಿದರೆ ಬೂಸ್ಟು ಹಿಡಿಯುತ್ತದೆ, ಆಗ ಎಸೆಯುವುದೇ ಸರಿ.

ಮೆಸೇಜ್ ಬಂದಾಗ ಸುಮ್ನೆ ಒಂದು ವಿಷಯ ನೋಡಿ: ಏನನ್ನು ಅಳೆದರು, ಹೇಗೆ ಅಳೆದರು ಅಂತ ಅದರಲ್ಲಿದೆಯಾ? ಇಲ್ಲ ಅಂದ್ರೆ ‘ಟಿಎಚ್‌ಸಿ, ಸಿಬಿಎನ್’ ಎಂದು ನೀವೇ ಹುಡುಕಿ ಓದಿ.